ಗುಬ್ಬಿ ಮಲಗಿ ತೋರಿಸಿದಳು

ನಮ್ಮಕ್ಕನ ಬಾಯಿಗೆ ಬಿದ್ದು ಗೆದ್ದು ಬಂದ ಹೆಡ್‌ಮಾಸ್ಟರು ಇನ್ನೂ ಹುಟ್ಟಿಲ್ಲ. ತಾನು ಪಾಠ ಮಾಡುವ ಶಾಲೆಯಲ್ಲಿ ಮುರಿದ ಬೆಂಚು ತುಂಬಿದ್ದ ಉಗ್ರಾಣವನ್ನು ಜಗಳವಾಡಿ ಕಿತ್ತುಕೊಂಡು ತರಗತಿ ಮಾಡಿದವಳು ಅವಳು. ಸದ್ದಿಗೆ ಬೆಚ್ಚುವ, ಮಾತು ತಡವಾದ, ಕಾರಣ ತಿಳಿಯದೆ ಅಳುವ ಮಕ್ಕಳಿಗೆಲ್ಲ ಅದೇ ಕೋಣೆ. ಕುರ್ಚಿ ಎಳೆದರೆ ಕಿರ್ ಎನ್ನಬಾರದೆಂದು ಅದರ ಕಾಲುಗಳಿಗೆ ಹಳೇ ಕಾಲುಚೀಲ ತೊಡಿಸಿದ್ದಾಳೆ. ಮುಂದೇನು ಎಂದು ಮಕ್ಕಳು ಗಾಬರಿಯಾಗದಿರಲೆಂದು ದಿನದ ಕೆಲಸಗಳ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದ್ದಾಳೆ. ಅಪ್ಪ ಅಮ್ಮಂದಿರು ಬಾಗಿಲಲ್ಲಿ ನಿಂತು ಮಗುವಿನ ತೊಂದರೆಯನ್ನು ಪಿಸುಗುಟ್ಟಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

"ಜೋರಾಗಿ ಹೇಳಿ. ನೀವೇ ಮುಚ್ಚಿಟ್ರೆ ಮಗು ತನ್ನಲ್ಲೇ ಏನೋ ತಪ್ಪಿದೆ ಅಂದ್ಕೊಳ್ಳುತ್ತೆ" ಎಂದು ಗದರುತ್ತಾಳೆ.

ಇಷ್ಟು ದೊಡ್ಡ ಬಾಯಿಯವಳು ಮನೆಗೆ ಬಂದರೆ ಬೇರೆಯೇ ಹೆಂಗಸು. ಅವಳ ಮಗಳಿಗೆ, ನಮ್ಮ ಗುಬ್ಬಿಗೆ, ಚಿಕ್ಕಂದಿನಿಂದ ಫಿಟ್ಸ್ ಬರುತ್ತದೆ. ಹೆಚ್ಚಾಗಿ ಬೆಳಗ್ಗೆ ಮನೆಯಲ್ಲಿರುವಾಗಲೇ ಬರುವುದರಿಂದ ಹೊರಗಿನವರಿಗೆ ಗೊತ್ತಿಲ್ಲ. ಮಾತ್ರೆಗಳು ವಿಟಮಿನ್ ಡಬ್ಬಿಯಲ್ಲಿರುತ್ತವೆ. ಅವಳನ್ನು ತನ್ನ ಶಾಲೆ ಬಿಟ್ಟು ಬೇರೆ ಶಾಲೆಗೆ ಸೇರಿಸಿದ ಅಕ್ಕ, ಅಲ್ಲಿ ಆರೋಗ್ಯ ವಿಚಾರಿಸಿದವರಿಗೆ "ಗುಂಡುಕಲ್ಲಿನ ಹಾಗಿದ್ದಾಳೆ" ಎಂದುಬಿಟ್ಟಳು. ಯಾರಿಗೂ ಹೇಳಕೂಡದೆಂದು ಗುಬ್ಬಿಯಿಂದ ಮಾತು ತೆಗೆದುಕೊಂಡಳು. ಅವರ ಜೊತೆಗೇ ಇರುವ ನಾನು ಇದಕ್ಕಾಗಿ ಅಕ್ಕನ ಜೊತೆ ಎಷ್ಟು ಕಿತ್ತಾಡಿದ್ದೇನೋ ಲೆಕ್ಕವಿಲ್ಲ.

"ಗೊತ್ತಾದ ದಿನವೇ ಅವಳು ಗುಬ್ಬಿ ಆಗಿರಲ್ಲ ಕಣೇ, ಫಿಟ್ಸ್ ಹುಡುಗಿ ಆಗ್ತಾಳೆ. ಶಾಲೇಲಿ ನಾನು ದಿನಾ ನೋಡ್ತೀನಲ್ಲ!" ಎನ್ನುತ್ತಿದ್ದಳು.

ಈಚೆಗೆ ಗುಬ್ಬಿಯ ಶಾಲೆಯಲ್ಲಿ ದೊಡ್ಡ ತರಗತಿಯ ಹುಡುಗನೊಬ್ಬನಿಗೆ ಫಿಟ್ಸ್ ಬಂತು. ಮೇಷ್ಟ್ರುಗಳು ಗಾಬರಿಬಿದ್ದು ಬಾಯಿಗೆ ಚಮಚ ತುರುಕಿದರು, ಅವನ ಹಲ್ಲು ಮುರಿಯಿತು. ಅವತ್ತು ಗುಬ್ಬಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ನನ್ನನ್ನು ಕೇಳಿದಳು.

"ಚಿಕ್ಕಮ್ಮಾ, ನಂಗೂ ಅಲ್ಲೇ ಬಂದ್ರೆ ನನ್ನ ಬಾಯಿಗೂ ಚಮಚ ಹಾಕ್ತಾರಾ?"

ನಾನು ಅಕ್ಕನ ಕಡೆ ನೋಡಿದೆ. ಅವಳು ಪಾತ್ರೆ ಉಜ್ಜುತ್ತಿದ್ದಳು. ತಿರುಗಲಿಲ್ಲ.

ಮುಂದಿನ ವಾರ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯೇ ಫೋನ್ ಮಾಡಿದರು. ನೀವು ಇಂಥ ಮಕ್ಕಳ ಟೀಚರ್ ಅಲ್ಲವೇ, ಫಿಟ್ಸ್ ಬಂದರೆ ಏನು ಮಾಡಬೇಕೆಂದು ಬಂದು ನಮ್ಮವರಿಗೆ ಹೇಳಿಕೊಡಿ ಎಂದು. ಅಕ್ಕನಿಗೆ ಇಲ್ಲ ಎನ್ನಲಾಗಲಿಲ್ಲ. ಚಾಪೆ ಹೊತ್ತು ನಾನೂ ಹಿಂದೆ ಹೋದೆ. ಹಾಲ್‌ನಲ್ಲಿ ಮುಂದೆ ಟೀಚರುಗಳು, ಹಿಂದೆ ಮಕ್ಕಳು. ಗುಬ್ಬಿಯ ತರಗತಿಯೂ ಇತ್ತು.

"ಯಾರಾದ್ರೂ ಒಬ್ರು ಫಿಟ್ಸ್ ಬಂದೋರ ಹಾಗೆ ಮಲಗಿ ತೋರಿಸ್ತೀರಾ?" ಎಂದಳು ಅಕ್ಕ. ಬಟ್ಟೆ ಕೊಳೆಯಾದೀತೆಂದು ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಒಂದು ಕೈ ಮೇಲೆದ್ದಿತು. ಗುಬ್ಬಿಯದು.

ಅಕ್ಕನ ಮುಖ ಸುಣ್ಣವಾಯಿತು. ಮುಖ್ಯೋಪಾಧ್ಯಾಯಿನಿ "ಬಾ ಮರಿ, ಬಾ" ಎಂದು ಕರೆದೇಬಿಟ್ಟರು. ಗುಬ್ಬಿ ಬಂದು ಕನ್ನಡಕ ತೆಗೆದು ನನ್ನ ಕೈಗಿಟ್ಟಳು, ಕೂದಲಿನ ಕ್ಲಿಪ್ಪೂ ತೆಗೆದಳು. ಮನೆಯಲ್ಲಿ ಫಿಟ್ಸ್ ಬಂದಾಗ ನಾನು ತೆಗೆಯುವುದು ಇದೇ ಕ್ರಮದಲ್ಲಿ.

ಅಕ್ಕ ಮಂಡಿಯೂರಿ ತಲೆಯ ಕೆಳಗೆ ಟವೆಲ್ ಮಡಿಸಿಟ್ಟಳು, ಮಗಳನ್ನು ಮಗ್ಗುಲಿಗೆ ತಿರುಗಿಸಿದಳು. "ಬಾಯಿಗೆ ಏನೂ ಹಾಕ್ಬೇಡಿ. ಕೈಕಾಲು ಒತ್ತಿ ಹಿಡೀಬೇಡಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ." ಗುಬ್ಬಿ ಕಣ್ಣು ಮುಚ್ಚಿ, ಫಿಟ್ಸ್ ಬಂದವರ ಹಾಗೆ ಮೈ ಬಿಗಿಹಿಡಿದು ಮಲಗಿದ್ದಳು.

"ಭಲೇ, ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡ್ತಾಳೆ!" ಎಂದು ಮುಖ್ಯೋಪಾಧ್ಯಾಯಿನಿ ಚಪ್ಪಾಳೆ ತಟ್ಟಿದರು. "ಸದ್ಯ, ಆ ಹುಡುಗ ಒಬ್ಬನ್ನ ಬಿಟ್ರೆ ನಮ್ಮಲ್ಲಿ ಇಂಥೋರು ಯಾರೂ ಇಲ್ಲ, ಅಲ್ವಾ ಮೇಡಂ?"

ಅಕ್ಕ ಹೌದೆಂದು ತಲೆಯಾಡಿಸಿದಳು. ನನ್ನ ಕಣ್ಣಾರೆ ಕಂಡೆ, ತಲೆಯಾಡಿಸಿದಳು. ಅವಳ ತಂಗಿಯೆಂದು ಅಲ್ಲಿ ನಿಂತಿರುವುದಕ್ಕೇ ನನಗೆ ನಾಚಿಕೆಯಾಯಿತು.

ಆಗ ಮಲಗಿದ್ದಲ್ಲಿಂದಲೇ ಗುಬ್ಬಿ ಮೆಲ್ಲಗೆ, "ನಾನು ಯಾರ್ಗೂ ಹೇಳ್ಲಿಲ್ಲಮ್ಮಾ. ಬರೀ ತೋರಿಸ್ದೆ. ಇನ್ನು ನಂಗೆ ಇಲ್ಲಿ ಬಂದ್ರೂ ಇವ್ರು ಚಮಚ ಹಾಕಲ್ಲ, ಅಲ್ವಾ?" ಎಂದಳು.

ಅಕ್ಕ ಚಾಪೆಯ ಮೇಲೆ ಕುಸಿದು ಕೂತಳು. ಕೂತಲ್ಲಿಂದಲೇ ಹೇಳಿದಳು: "ಇವಳು ಆ್ಯಕ್ಟ್ ಮಾಡ್ಲಿಲ್ಲ. ಇವಳಿಗೂ ಫಿಟ್ಸ್ ಬರುತ್ತೆ. ನಾನೇ ಮುಚ್ಚಿಟ್ಟಿದ್ದೆ. ಊರೋರಿಗೆಲ್ಲ ಮುಚ್ಚಿಡ್ಬೇಡಿ ಅಂತ ಬೈಯೋಳು ನಾನು."

ಗುಬ್ಬಿಯ ಕ್ಲಾಸ್ ಟೀಚರ್ ಬಂದು ಅವಳ ಪಕ್ಕ ನೆಲದ ಮೇಲೆ ಕೂತರು. "ಬರೋ ಮುಂಚೆ ನಿಂಗೆ ಏನಾದ್ರೂ ಗೊತ್ತಾಗುತ್ತಾ ಪುಟ್ಟಾ? ಹೇಗಿರುತ್ತೆ, ನಂಗೆ ಹೇಳ್ತೀಯಾ?"

ಗುಬ್ಬಿ ಬಾಯಿ ತೆರೆದಳು. ಆಮೇಲೆ ಅದನ್ನು ಮುಚ್ಚಿ ಅಮ್ಮನ ಕಡೆ ನೋಡಿದಳು.

"ಹೇಳ್ಲಾ ಅಮ್ಮಾ?"