ವಾಪಸು ಬಂದ ಮರಿಗೆ ಬೆರಳು ಕೊಟ್ಟವರು

ಅವರ ಬಲಗೈಯ ತೋರುಬೆರಳು ಉಳಿದ ಬೆರಳುಗಳ ಹಾಗಿರಲಿಲ್ಲ. ತುದಿಯಿಂದ ಎರಡನೆಯ ಗಿಣ್ಣಿನವರೆಗೆ ಚರ್ಮದ ತುಂಬ ಸಣ್ಣ ಸಣ್ಣ ಚುಕ್ಕೆ, ಗೀರು. ಆಗತಾನೆ ಉಳಿ ಹಾಕಿಸಿದ ಬೀಸುವ ಕಲ್ಲಿನ ಹಾಗೆ. ಉಗುರು ಕಪ್ಪಾಗಿ, ನಡುವೆ ಸೀಳಿ, ಎರಡು ಎಲೆಯಾಗಿ ಬೆಳೆದಿತ್ತು. ಅಜ್ಜಂಪುರ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟೈರಾಗುವವರೆಗೆ ರೈಲಿನ ಹಳಿ ಬದಲಾಯಿಸುವ ಕಬ್ಬಿಣದ ಹಿಡಿ ಎಳೆದ ಕೈ ಅದು. ಆದರೆ ಆ ಚುಕ್ಕೆಗಳು ರೈಲ್ವೆ ಕೊಟ್ಟವಲ್ಲ. ಅಷ್ಟೂ ನಾಯಿಮರಿಗಳ ಹಾಲುಹಲ್ಲಿನ ಗುರುತು.

ನನ್ನ ತವರುಮನೆಯ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಒಂದು ಮೋಟು ಗೋಡೆ. ನೆಂಟಸ್ತಿಕೆ ಏನೂ ಇರಲಿಲ್ಲ. ನಮ್ಮಪ್ಪನಿಗಿಂತ ದೊಡ್ಡವರಾದ್ದರಿಂದ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ಬೀದಿಯವರು ‘ನಾಯಿ ದೊಡ್ಡಪ್ಪ’ ಎನ್ನುತ್ತಿದ್ದರು. ಅದಕ್ಕೆ ಅವರಿಗೆ ಬೇಸರವಿರಲಿಲ್ಲ. “ನಾಯಿ ಅಂದ್ರೆ ಬೈಗುಳ ಅಲ್ಲ ಕಣ್ರೋ. ನಾಯೀನ ಒಂದ್ಸಲ ‘ಲೇ ಮನುಷ್ಯ’ ಅಂತ ಬೈದು ನೋಡಿ, ಅದು ಊಟ ಬಿಡ್ತದೆ” ಎಂದು ನಗುತ್ತಿದ್ದರು.

ವರ್ಗವಾಗಿ ಹೋದ ಸ್ಟೇಷನ್ ಮಾಸ್ತರರೊಬ್ಬರು ತಮ್ಮ ಬಸುರಿ ಆಲ್ಸೇಷನ್ ನಾಯಿಯ ಹಗ್ಗವನ್ನು ಇವರ ಕೈಗೆ ಕೊಟ್ಟು ಹೋಗಿದ್ದರಂತೆ. ಆ ನಾಯಿಯ ಮಗಳು, ಮೊಮ್ಮಗಳು ಹೀಗೆ ಸಂತಾನ ಬೆಳೆದು, ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಕಡೂರಿನ ಕೊಬ್ಬರಿ ಮಂಡಿ, ತರೀಕೆರೆಯ ಅಕ್ಕಿ ಗಿರಣಿ, ಯಗಟಿಯ ಕುರಿಹಟ್ಟಿ, ಎಲ್ಲ ಕಡೆಯೂ ದೊಡ್ಡಪ್ಪನ ಮನೆಯ ನಾಯಿಗಳಿದ್ದವು. ಕೊಡುವಾಗ ಅವರದು ಒಂದೇ ಮಾತು: “ಸಾಕೋಕಾಗ್ಲಿಲ್ವಾ, ತಂದು ನನ್ ಬಾಗ್ಲಿಗೆ ಬಿಡಿ. ದಾರೀಲಿ ಬಿಡ್ಬೇಡಿ.”

ಜನ ತಂದು ಬಿಡುತ್ತಲೂ ಇದ್ದರು. ಮರಿ ಬೊಗಳುವುದಿಲ್ಲ ಎಂದು ಒಬ್ಬರು, ಹೊತ್ತಿಲ್ಲ ಗೊತ್ತಿಲ್ಲ ಬೊಗಳುತ್ತದೆ ಎಂದು ಇನ್ನೊಬ್ಬರು. ಕಳ್ಳನಿಗೂ ಬಾಲ ಅಲ್ಲಾಡಿಸಿತು ಎಂದು ಮಂಡಿಯ ಸಾಹುಕಾರರು ತಂದರು. ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗ ಒಂದು ಮರಿ ಅವರ ಮರದ ಹಾವುಗೆಗಳನ್ನು ಕಚ್ಚಿಕೊಂಡು ಹೊಲಕ್ಕೆ ಓಡಿತ್ತಂತೆ. ಮನೆಯ ಯಜಮಾನರು ಮೂರನೆಯ ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದರು. “ಸಿಕ್ತಾ ಹಾವುಗೆ?” ಎಂದು ಕೇಳಿದರು ದೊಡ್ಡಪ್ಪ. “ಒಂದು ಸಿಕ್ತು.” “ಇನ್ನೊಂದು ಅದರ ಪ್ರಸಾದ ಅಂತ ತಿಳ್ಕೊಳ್ಳಿ.”

ವಾಪಸು ತಂದವರನ್ನು ಅವರು ಒಂದು ದಿನವೂ ಬೈದದ್ದಿಲ್ಲ. ಮೊದಲು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸುವುದು. ಬಂದವರು ಕಾರಣ ಹೇಳಿದರೆ ಕೇಳುವುದು, ಹೇಳದಿದ್ದರೆ ಬಿಡುವುದು. ದೊಡ್ಡಮ್ಮ ಒಳಗಿನಿಂದಲೇ ಗೊಣಗುತ್ತಿದ್ದರು: “ತಗೊಂಡೋಗುವಾಗ ಮುದ್ದು, ತರುವಾಗ ಮುಳ್ಳು. ನಾಲ್ಕು ಮಾತು ಅನ್ಬಾರ್ದಾ ಇವ್ರಿಗೆ?” ದೊಡ್ಡಪ್ಪನ ಉತ್ತರ ಯಾವಾಗಲೂ ಅದೇ: “ಇವತ್ತು ಅಂದ್ರೆ ನಾಳೆ ಇನ್ನೊಬ್ಬ ತರಾಕಿಲ್ಲ ಕಣೇ. ಹೆದರ್ಕಂಡು ಬೀರೂರು ರಸ್ತೇಲಿ ಬಿಟ್ಟೋಯ್ತಾನೆ.”

ತಂದವರು ಎದ್ದು ಹೋದ ಮೇಲೆ ಬೆರಳು. ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ತೋರುಬೆರಳನ್ನು ಅದರ ಬಾಯೊಳಗೆ ಇಡುತ್ತಿದ್ದರು. ಮರಿ ಚೀಪಿದರೆ, “ಇನ್ನೂ ಮಗೂನೇ, ಎಲ್ಲಿಗೆ ಬೇಕಾದ್ರೂ ಹೊಂದ್ಕಂತದೆ” ಎನ್ನುತ್ತಿದ್ದರು. ಕಚ್ಚಿದರೆ, “ಹೊಡ್ದವ್ರೆ ಇದಕ್ಕೆ.” ಚೀಪದೆ, ಕಚ್ಚದೆ ಸುಮ್ಮನೆ ಬಾಯಿ ತೆರೆದುಕೊಂಡು ಕುಳಿತರೆ ಮಾತ್ರ ಅವರ ಮುಖ ಬಾಡುತ್ತಿತ್ತು. ಅಂಥದ್ದನ್ನು ಮತ್ತೆ ಯಾರಿಗೂ ಕೊಡುತ್ತಿರಲಿಲ್ಲ.

ಉಳಿದವೂ ಒಂದು ತಿಂಗಳು ಸೌದೆ ಕೊಟ್ಟಿಗೆಯಲ್ಲಿ ಒಂಟಿಯಾಗಿರಬೇಕು. ಬೇರೆ ಮನೆಯ ವಾಸನೆ ಹತ್ತಿಸಿಕೊಂಡು ಬಂದದ್ದನ್ನು ಹೆತ್ತ ತಾಯಿಯೇ ಸೇರಿಸುವುದಿಲ್ಲ, ಕಚ್ಚಿಬಿಡುತ್ತದೆ. ಮೊದಲ ಮನೆಯವರು ಇಟ್ಟ ಹೆಸರನ್ನು ಅವರು ಬದಲಾಯಿಸುತ್ತಿರಲಿಲ್ಲ. ಎರಡನೆಯ ಮನೆಯನ್ನು ತಾವೇ ಹೋಗಿ ನೋಡಿ ಬರುತ್ತಿದ್ದರು. ಒಳಗೆ ಹೋಗದೆ ದನದ ಕಲಗಚ್ಚಿನ ಬಾನಿ ನೋಡುತ್ತಿದ್ದರು. ಬಾನಿ ಒಣಗಿದ್ದರೆ ಕಾಫಿ ಕುಡಿದು, ಮರಿಯ ಮಾತೇ ಎತ್ತದೆ ಎದ್ದು ಬರುತ್ತಿದ್ದರು.

ನಾನು ತರೀಕೆರೆಗೆ ಸೊಸೆಯಾಗಿ ಹೋಗಿ, ಬಾಣಂತನ ಮುಗಿಸಿಕೊಂಡು ತವರಿನಿಂದ ಹೊರಟ ವರ್ಷ ದೊಡ್ಡಪ್ಪ ನನಗೂ ಒಂದು ಮರಿ ಕೊಟ್ಟರು. ನಮ್ಮ ಯಜಮಾನರಿಗೆ ಲಕ್ಕವಳ್ಳಿ ಅಣೆಕಟ್ಟಿನ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುವುದು. ಮನೆಯಲ್ಲಿ ನಾನು, ನಮ್ಮತ್ತೆ, ತೊಟ್ಟಿಲ ಕೂಸು. ಕಾವಲಿಗೆ ಇರಲಿ ಎಂದು ಕೊಟ್ಟದ್ದು. ರಾಜ ಎಂದು ಹೆಸರಿಟ್ಟೆವು.

ಗೌರಿಹಬ್ಬದ ಮುಂಚಿನ ವಾರ, ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಯಾವುದೋ ಬೀದಿನಾಯಿ ಬೇಲಿ ನುಗ್ಗಿ ಬಂದು ರಾಜನ ಕಿವಿಯ ಹಿಂದೆ ಕಚ್ಚಿ ಓಡಿತು. ಅರಿಸಿನ ಒತ್ತಿದೆ, ಗಾಯ ಮಾಗಿತು, ಕೂದಲೂ ಬಂತು. ತಿಂಗಳು ಕಳೆದ ಮೇಲೆ ಅತ್ತೆ ಸಂತೆಯಿಂದ ಸುದ್ದಿ ತಂದರು. ಆ ಬೀದಿನಾಯಿಯನ್ನು ಹಬ್ಬದ ವಾರವೇ ಬಸ್‌ಸ್ಟ್ಯಾಂಡಿನ ಹತ್ತಿರ ಹೊಡೆದು ಕೊಂದಿದ್ದರಂತೆ. ಅದಕ್ಕೆ ಹುಚ್ಚು ಹಿಡಿದಿತ್ತು ಎಂದು ಕೆಲವರು, ಇಲ್ಲ ಎಂದು ಕೆಲವರು.

“ಕೂಸಿರೋ ಮನೆ ಕಣಮ್ಮಾ” ಎಂದರು ಅತ್ತೆ. “ನಾಳೇನೇ ಬಿಟ್ಟು ಬಾ.”

“ಕಚ್ಚಿದ್ದು ಹೇಳ್ಬೇಕಲ್ವಾ ಅತ್ತೆ?”

“ಹೇಳಿದ್ರೆ ಆತ ತಗತಾನಾ? ಆಮೇಲೆ ಎಲ್ಲಿಗೆ ಹೊತ್ಕಂಡು ಹೋಯ್ತೀಯ? ಚೆನ್ನಾಗೇ ಐತೆ ಮರಿ. ರಾತ್ರಿಯೆಲ್ಲ ಅಳ್ತದೆ, ಕೂಸಿಗೆ ನಿದ್ದೆ ಇಲ್ಲ ಅನ್ನು.”

ನಾನು ಅಟ್ಟದ ಮೇಲಿನ ಬುಟ್ಟಿ ಇಳಿಸಿದೆ. ಅತ್ತೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ದೊಡ್ಡಪ್ಪ ಇಲ್ಲ ಎನ್ನುವವರಲ್ಲ ಎಂಬುದು ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನ ರಾಜನನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಗೋಣಿತಾಟು ಮುಚ್ಚಿ ಅಜ್ಜಂಪುರದ ಬಸ್ಸು ಹತ್ತಿದೆ. “ಏನಮ್ಮಾ, ಕೋಳಿನಾ?” ಎಂದ ಕಂಡಕ್ಟರ್. ಬುಟ್ಟಿಯಿಂದ ಮೂತಿ ಹೊರಗೆ ಬಂದು ನನ್ನ ಕೈ ನೆಕ್ಕಿತು. “ಅಯ್ಯೋ, ತವರಿಗೆ ಉಡುಗೊರೆ!” ಎಂದು ಅವನು ನಕ್ಕ. ಬಸ್ಸೆಲ್ಲ ನಕ್ಕಿತು.

ದೊಡ್ಡಪ್ಪ ಹಿತ್ತಿಲಲ್ಲಿ ಬೇಲಿಗೆಂದು ಬಿದಿರು ಸೀಳುತ್ತಿದ್ದರು. ಸೀಳು ತಾಗಿ ತೋರುಬೆರಳಿಗೆ ಗಾಯವಾಗಿತ್ತು, ಅರಿಸಿನದ ಬಟ್ಟೆ ಕಟ್ಟಿತ್ತು. ನನ್ನ ಕೈಯ ಬುಟ್ಟಿ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು ಅವರಿಗೆ. “ಬಾರವ್ವ. ಮಜ್ಜಿಗೆ ಕುಡಿ ಮೊದ್ಲು. ಕೂಸು ಹೆಂಗಿದೆ?”

“ರಾತ್ರಿಯೆಲ್ಲ ಅಳ್ತದೆ ದೊಡ್ಡಪ್ಪ. ಮಗೂಗೆ ನಿದ್ದೆ ಇಲ್ಲ.”

“ಅಷ್ಟೇ ತಾನೆ? ಆಗ್ಲಿ ಬಿಡು.” ಇನ್ನೊಂದು ಮಾತು ಕೇಳಲಿಲ್ಲ.

ಬೇರೆಯವರಾಗಿದ್ದರೆ ಹೋಗುವವರೆಗೆ ಕಾಯುತ್ತಿದ್ದರು. ನಾನು ಮನೆಮಗಳಲ್ಲವೇ, ನನ್ನೆದುರಿಗೇ ಮರಿಯನ್ನು ತೊಡೆಗೆ ಎತ್ತಿಕೊಂಡರು. ಬೆರಳ ಬಟ್ಟೆ ಬಿಚ್ಚತೊಡಗಿದರು. “ಗಾಯ ಇದೆಯಲ್ಲ ದೊಡ್ಡಪ್ಪ, ನಾಳೆ ನೋಡಿ” ಎಂದೆ. ನನ್ನ ಬಾಯಿಂದ ಅಷ್ಟು ಮಾತ್ರ ಹೊರಟಿತು. “ಬಟ್ಟೆ ಇದ್ರೆ ಅದಕ್ಕೆ ನನ್ ರುಚಿ ಗೊತ್ತಾಗಾಕಿಲ್ಲ” ಎಂದು ಬೆರಳು ಇಟ್ಟರು. ರಾಜ ಕಣ್ಣು ಮುಚ್ಚಿಕೊಂಡು ಚೀಪಿದ. ದೊಡ್ಡಪ್ಪ ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. “ಇನ್ನೂ ಮಗೂನೇ ಕಣವ್ವ. ಯೋಚ್ನೆ ಮಾಡ್ಬೇಡ.”

ನಾನು ಎರಡು ಗಂಟೆಯ ಬಸ್ಸಿಗೆ ಹಿಂದಿರುಗಿದೆ.

ಹನ್ನೆರಡು ದಿನದ ಮೇಲೆ ದೊಡ್ಡಮ್ಮ ಯಾರ ಕೈಯಲ್ಲೋ ಬರೆಸಿದ ಕಾರ್ಡು ಬಂತು. ಎಲ್ಲರ ಕ್ಷೇಮ ಕೇಳಿ, ಕೊನೆಗೆ ಎರಡು ಸಾಲು: ನಿನ್ನ ರಾಜ ತೀರಿಕೊಂಡಿತು, ಬಾಯಿ ಮುಚ್ಚಲಾರದೆ ಜೊಲ್ಲು ಸುರಿಸುತ್ತಿತ್ತು, ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ನಿಮ್ಮ ದೊಡ್ಡಪ್ಪ ಎರಡು ದಿನ ಬೆರಳು ಹಾಕಿ ಹುಡುಕಿದರು, ಏನೂ ಸಿಗಲಿಲ್ಲ.

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅದನ್ನು ಇಳಿಸಿದೆನೋ ಇಲ್ಲವೋ ಈಗಲೂ ನೆನಪಿಲ್ಲ. ಅಜ್ಜಂಪುರದಲ್ಲಿ ಬಸ್ಸಿಳಿದು ಓಡಿ ಹೋಗಿ, ದೊಡ್ಡಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಾಗ ನಿಂತಲ್ಲೇ ಎಲ್ಲ ಹೇಳಿದೆ. ಬೀದಿನಾಯಿ, ಅದನ್ನು ಕೊಂದದ್ದು, ನಾನು ಆಡಿದ ಸುಳ್ಳು.

ಅವರು ಸುಣ್ಣದ ಬೆರಳನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತರು. ಆಮೇಲೆ ಸೌದೆ ಕೊಟ್ಟಿಗೆಯ ಕಡೆ ನೋಡಿದರು. “ತಿಂಗಳು ತುಂಬಿರ್ಲಿಲ್ಲ. ಯಾರ್ಗೂ ಕೊಟ್ಟಿಲ್ಲ. ರಾಣೀನೂ ಅದರ ಹತ್ರ ಸುಳಿದಿಲ್ಲ.” ರಾಣಿ ಎಂದರೆ ರಾಜನ ತಾಯಿ. “ಸದ್ಯ, ಬದುಕ್ಕೊಂಡ್ವಿ ಕಣೇ!” ಎಂದು ಒಳಗಿದ್ದ ದೊಡ್ಡಮ್ಮನಿಗೆ ಕೂಗಿ ಹೇಳಿದರು.

“ನೀವು ದೊಡ್ಡಪ್ಪ? ನಿಮ್ಮ ಬೆರಳು?”

“ನನಗೇನು? ಅದು ನನ್ನ ಕಚ್ಚಿಲ್ಲವ್ವ, ಚೀಪಿದ್ದು.”

ದೊಡ್ಡಮ್ಮ ಬಾಗಿಲಿಗೆ ಬಂದವರು ಎಲ್ಲ ಕೇಳಿ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ಬೆನ್ನು ಮಾಡಿ ನಿಂತರು. ನಾನು ದೊಡ್ಡಪ್ಪನ ಕಾಲು ಹಿಡಿದು ಕೂತೆ. ಆಸ್ಪತ್ರೆಗೆ ಹೊರಡುವವರೆಗೆ ಬಿಡಲಿಲ್ಲ.

ತರೀಕೆರೆಯ ಡಾಕ್ಟರು ದಿನಗಳನ್ನು ಲೆಕ್ಕಹಾಕಿ, “ಇಷ್ಟು ತಡ ಮಾಡ್ಕೊಂಡು ಬಂದ್ರೆ ಹೇಗೆ?” ಎಂದರು. ನನ್ನ ಕೈ ನೆಕ್ಕಿದ್ದನ್ನೂ ಕೇಳಿಕೊಂಡು ಇಬ್ಬರಿಗೂ ಬರೆದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು. ಅಷ್ಟು ದಿನ ಕೂಸನ್ನು ಎತ್ತಿಕೊಳ್ಳಲು ಅತ್ತೆ ಬಿಡಲಿಲ್ಲ. ಹಾಲು ಕುಡಿಸಲಾಗದೆ ಎದೆ ಕಟ್ಟಿ, ಜ್ವರ ಬಂದು, ಗೋಡೆಯ ಆಚೆ ಅದು ಅಳುವುದನ್ನು ಕೇಳುತ್ತ ಕೂರುತ್ತಿದ್ದೆ. ದೊಡ್ಡಪ್ಪ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, “ನನ್ ಹೊಟ್ಟೆ ಜರಡಿ ಆಯ್ತು ಕಣವ್ವ, ಇನ್ನು ದೊಡ್ಡಮ್ಮ ಇದ್ರಲ್ಲೇ ರಾಗಿಹಿಟ್ಟು ಜಾಲಿಸ್ಬೋದು” ಎಂದು ನಗಿಸಲು ನೋಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವರ ಬೆರಳನ್ನೇ ನೋಡುತ್ತಿದ್ದೆ. ಗಾಯ ಪೂರ್ತಿ ಮಾಗಿತ್ತು, ರಾಜನ ಕಿವಿಯ ಹಿಂದೆ ಮಾಗಿದ್ದ ಹಾಗೆ.

ದೀಪಾವಳಿಗೆ ಮುಂಚೆ ಇಬ್ಬರದೂ ಮುಗಿಯಿತು. ಮುಗಿಯಿತು ಎಂದೇ ನಂಬಿ ಹಬ್ಬಕ್ಕೆ ಹೋಳಿಗೆ ಮಾಡಿ ಕಳಿಸಿದೆ. ಕಾರ್ತಿಕದ ಕೊನೆಯ ವಾರ ದೊಡ್ಡಪ್ಪನಿಗೆ ಆ ಬೆರಳು ಜೋಮು ಹಿಡಿದ ಹಾಗೆ ಆಯಿತಂತೆ. ಮಾರನೆಯ ದಿನ ಬೆಳಗ್ಗೆ ದೊಡ್ಡಮ್ಮ ಕೊಟ್ಟ ನೀರಿನ ಚೊಂಬನ್ನು ಬಾಯಿಯ ಹತ್ತಿರ ತಂದವರು ನೀರು ನೋಡಿ ಬೆಚ್ಚಿ ಕೆಳಗಿಟ್ಟು, ಸುಮ್ಮನೆ ಎದ್ದು, ತಾವೇ ಹೋಗಿ ಸೌದೆ ಕೊಟ್ಟಿಗೆಯಲ್ಲಿ ಕೂತು ಒಳಗಿನಿಂದ ಅಗುಳಿ ಹಾಕಿಕೊಂಡರು.

ನಾನು ಹೋದಾಗ ಮಧ್ಯಾಹ್ನ. ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ವ್ಯಾನು ಬರುವುದಿತ್ತು. ಬಾಗಿಲ ಸಂದಿಯಲ್ಲಿ ಅವರ ಬಿಳಿ ಅಂಗಿ ಮಾತ್ರ ಕಾಣುತ್ತಿತ್ತು.

“ದೊಡ್ಡಪ್ಪ, ನಾನು...”

“ಗೊತ್ತಾಯ್ತು. ಹತ್ರ ಬರಬ್ಯಾಡ.” ದನಿ ಒಡೆದಿತ್ತು, ಮಾತಿಗೊಮ್ಮೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. “ನೀನು ತಂದ್ಕೊಟ್ಟೆ. ದಾರೀಲಿ ಬಿಡ್ಲಿಲ್ಲ. ಬಿಟ್ಟಿದ್ರೆ ಯಾರ ಮಕ್ಳಿಗೋ...” ಉಗುಳು ನುಂಗಲಾರದೆ ಕೆಮ್ಮಿದರು. “ಬೈಬಾರ್ದು, ಅದು ಸರಿ. ಆದ್ರೆ ಕೇಳ್ಬೇಕಿತ್ತು ಕಣವ್ವ. ಮೂರು ಸಲ ಕೇಳ್ಬೇಕಿತ್ತು ನಾನು. ಅದು ನನ್ ತಪ್ಪು.”

ಆಮೇಲೆ, “ರಾಣೀಗೆ ವಯಸ್ಸಾಗೈತೆ. ಯಾರೂ ತಗಳ್ಳಲ್ಲ” ಎಂದರು. ಅದೇ ನಾನು ಕೇಳಿದ ಕೊನೆಯ ಮಾತು. ವ್ಯಾನಿನಲ್ಲಿ ಹೋದವರು ಮೂರನೆಯ ದಿನ ಅದರಲ್ಲೇ ವಾಪಸು ಬಂದರು.

ಮಣ್ಣು ಮಾಡಿ ಬಂದ ಸಂಜೆಯೇ ಬೀದಿಯವರು ದೊಣ್ಣೆ ಹಿಡಿದು ರಾಣಿಗಾಗಿ ಬಂದರು. ದೊಡ್ಡಮ್ಮ ಅಡ್ಡ ನಿಂತು, “ಇದನ್ನ ಯಾವ ನಾಯೀನೂ ಕಚ್ಚಿಲ್ಲ, ಬೇಕಾದ್ರೆ ಇವಳನ್ನ ಕೇಳಿ” ಎಂದು ನನ್ನ ಕಡೆ ಕೈ ತೋರಿಸಿದರು. ಕಾರ್ಡಿನ ದಿನದಿಂದ ಅವರು ನನ್ನ ಬಗ್ಗೆ ಆಡಿದ ಮಾತು ಅದೊಂದೇ. ಅಷ್ಟು ಜನರ ಎದುರಿಗೆ ನಾನು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ರಾಣಿಯ ಹಗ್ಗ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಅತ್ತೆ ಬಾಗಿಲಲ್ಲಿ ನಾಯಿಯನ್ನು ನೋಡಿದರು, ನನ್ನ ಮುಖ ನೋಡಿದರು, ಪಕ್ಕಕ್ಕೆ ಸರಿದರು.

ಎರಡು ವರ್ಷದ ಮೇಲೆ ಒಂದು ಬೇಸಗೆಯ ಮಧ್ಯಾಹ್ನ ಯಗಟಿ ಕಡೆಯ ಒಬ್ಬ ಕುರಿಯವನು ದೊಡ್ಡ ನಾಯಿಯೊಂದನ್ನು ಸರಪಳಿಯಲ್ಲಿ ಹಿಡಿದುಕೊಂಡು ನಮ್ಮ ಜಗಲಿಯ ಮುಂದೆ ನಿಂತ. ಅಜ್ಜಂಪುರಕ್ಕೆ ಹೋಗಿದ್ದನಂತೆ, ದೊಡ್ಡಪ್ಪ ಇಲ್ಲದ ಸುದ್ದಿ ಅಲ್ಲೇ ಗೊತ್ತಾದದ್ದು. ದೊಡ್ಡಮ್ಮ ನನ್ನ ವಿಳಾಸ ಹೇಳಿ ಕಳಿಸಿದ್ದರು. ಕಳಿಸಿದ್ದರು ಎಂಬುದನ್ನು ಅವನಿಂದ ಎರಡು ಸಲ ಹೇಳಿಸಿಕೊಂಡೆ.

ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟೆ. ನಾಯಿಯನ್ನು ದೂರದ ಕಂಬಕ್ಕೆ ಕಟ್ಟಿಸಿದೆ. “ಯಾಕೆ ವಾಪಸ್ ತಂದ್ರಿ?”

“ಸುಮ್ನೆ ಕಣ್ರವ್ವ, ಮನೇಲಿ ಜನ ಇಲ್ಲ.”

“ಏನಾಯ್ತು ಹೇಳಿ.”

“ಏನೂ ಇಲ್ಲ, ತಾಯಿ.” ಅವನು ಲೋಟ ಕೆಳಗಿಟ್ಟು ನೆಲ ನೋಡಿದ. ಹಾಗೆ ನೆಲ ನೋಡುವುದು ಹೇಗೆಂದು ನನಗೆ ಗೊತ್ತಿತ್ತು.

“ಇನ್ನೊಂದ್ಲೋಟ ಕುಡೀರಿ” ಎಂದು ಬಗ್ಗಿಸಿ ಕೊಟ್ಟು, ಅವನ ಎದುರಿಗೇ ಕೂತೆ. “ನಾಯಿ ನಾನು ಇಟ್ಕೋತೀನಿ. ನಿಮ್ಮನ್ನ ಬೈಯೋದಿಲ್ಲ. ನಿಜ ಹೇಳಿ, ಏನಾಯ್ತು?”