ಬಣ್ಣದ ಮಾವನ ಅಂಗೈ

ನೆನೆದ ವಾಟರ್ ಪೇಪರಿಗೆ ಒಂದು ವಾಸನೆ ಇದೆ. ಹೊಸ ಚಪ್ಪಲಿಗೂ ಒದ್ದೆಯಾದ ಸಿಮೆಂಟ್ ಚೀಲಕ್ಕೂ ನಡುವೆ ಎಲ್ಲೋ ಇರುವ ವಾಸನೆ. ಕಳೆದ ಭಾನುವಾರ ಬಳ್ಳಾರಿಯ ನಮ್ಮ ಮನೆಯ ಅಂಗಳದಲ್ಲಿ, ಹದಿಮೂರು ವರ್ಷದ ನನ್ನ ಕಾರಿನ ಎದುರು ಮಣೆ ಹಾಕಿಕೊಂಡು ಕೂತು, ಹಳದಿಗಟ್ಟಿದ ಹೆಡ್‌ಲೈಟಿನ ಮೇಲೆ ಆ ಕರಿ ಉಪ್ಪುಕಾಗದವಿಟ್ಟು ಮೊದಲನೆಯ ಸಲ ಉಜ್ಜಿದೆ. ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು...

ಈ ಕೆಲಸಕ್ಕೆ ಕೈ ಹಾಕುವ ಮೊದಲು ಒಂದೇ ವಿಡಿಯೋವನ್ನು ಒಂಬತ್ತು ಸಲ ನೋಡಿದ್ದೆ. ಕಾರಿನ ಬಣ್ಣಕ್ಕೆ ಗೀರು ಬೀಳದಿರಲೆಂದು ಲೈಟಿನ ಸುತ್ತ ಟೇಪು ಅಂಟಿಸಿದ್ದೆ. ಟೇಪು ಕೀಳುವಾಗ ಬಣ್ಣವೂ ಕಿತ್ತು ಬಂದರೆ ಎಂದು ಹೆದರಿ ತೆಗೆದೆ. ತೆಗೆದರೆ ಗೀರು ಬೀಳುತ್ತದಲ್ಲ ಎಂದು ಮತ್ತೆ ಅಂಟಿಸಿದೆ. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನನ್ನ ಹೆಂಡತಿ, “ಲೈಟ್ ತಿಕ್ಕಾಕತ್ತೀರೋ, ಹಾರ್ಟ್ ಆಪರೇಷನ್ ಮಾಡಾಕತ್ತೀರೋ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಮೂವತ್ತು ವರ್ಷ ಜೊತೆಗಿದ್ದವಳು. ನಾನು ಹೆದರದೆ ಮಾಡಿದ ಕೆಲಸ ಯಾವುದೂ ಇಲ್ಲವೆಂಬುದು ಅವಳಿಗೆ ಗೊತ್ತು.

ಒಂದು ಸಲ ಮಾತ್ರ ಹೆದರಬೇಕಾದ ಕಡೆ ಹೆದರದವನಂತೆ ನಟಿಸಿದ್ದೆ. ಅದು ಅವಳಿಗೆ ಗೊತ್ತಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು. ನಾನು ಕುರುಗೋಡಿನಿಂದ ಬಳ್ಳಾರಿಗೆ ಬಿ.ಕಾಂ. ಓದಲು ಬಂದು ಸಿರುಗುಪ್ಪ ರಸ್ತೆಯ ಪಕ್ಕದ ಓಣಿಯಲ್ಲಿ ಕೋಣೆ ಹಿಡಿದಿದ್ದೆ. ಗೋಡೆಯಾಚೆ ಒಂದು ತಗಡಿನ ಶೆಡ್ಡು. ಅಲ್ಲಿ ಕಾರು, ಜೀಪು, ಸಿರುಗುಪ್ಪದ ಅಕ್ಕಿ ಮಿಲ್ಲುಗಳ ವ್ಯಾನುಗಳಿಗೆ ಬಣ್ಣ ಹೊಡೆಯುತ್ತಿದ್ದವನನ್ನು ಓಣಿಯೆಲ್ಲ ಬಣ್ಣದ ಮಾವ ಎನ್ನುತ್ತಿತ್ತು. ಅವನ ಹೆಂಡತಿಯ ತವರು ಕುರುಗೋಡು. ನಾನು ಬಂದ ಮೊದಲ ದಿನವೇ ಆಕೆ, “ನಮ್ಮೂರ ಹುಡುಗ, ಹೋಟ್ಲಾಗ ಉಂಡ್ರ ನನ್ನ ಮಾನ ಏನಾತು?” ಎಂದು ತಟ್ಟೆ ಇಟ್ಟಳು. ಹಾಗೆ ಆಕೆ ನನಗೆ ಅತ್ತೆಯಾದಳು. ಮಕ್ಕಳಿಲ್ಲದ ಆ ಮನೆಯಲ್ಲಿ ನಾನು ಅಳಿಯನಾದೆ.

ಮಾವನ ಕೆಲಸದಲ್ಲಿ ಬಣ್ಣ ಹೊಡೆಯುವುದು ಕಡಿಮೆ, ಉಜ್ಜುವುದೇ ಹೆಚ್ಚು. ನೆಗ್ಗಿದ ತಗಡಿಗೆ ಪುಟ್ಟಿ ಮೆತ್ತಿ, ಒಣಗಿಸಿ, ಬಕೆಟ್ಟಿನಲ್ಲಿ ನೆನೆಹಾಕಿದ ವಾಟರ್ ಪೇಪರಿನಿಂದ ತಿಕ್ಕಿ, ನೀರು ಹನಿಸಿ ಮತ್ತೆ ತಿಕ್ಕುತ್ತಿದ್ದ. ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು, ನಂಬರ್ ಏರಿದಷ್ಟೂ ನಯ. ಬೂದು ಬಣ್ಣದ ನೀರು ಶೆಡ್ಡಿನಿಂದ ಹೊರಟು ನನ್ನ ಕೋಣೆಯ ಹೊಸ್ತಿಲ ತನಕ ಹರಿಯುತ್ತಿತ್ತು. ಕೊನೆಗೆ ಅವನದೊಂದು ಪದ್ಧತಿ. ಅತ್ತೆಯ ಹಳೆಯ ನೂಲಿನ ಸೀರೆಯ ತುಂಡೊಂದು ಯಾವಾಗಲೂ ಅವನ ಹೆಗಲ ಮೇಲಿರುತ್ತಿತ್ತು. ಅದನ್ನು ತಗಡಿನ ಮೇಲೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ಸವರುತ್ತಿದ್ದ. ಬರಿಗೈಗೆ ಸಿಗದ ಉಬ್ಬುತಗ್ಗು ಬಟ್ಟೆಯ ಮೇಲಿನಿಂದ ಸಿಗುತ್ತದಂತೆ. ನನ್ನ ಕೈಯನ್ನೂ ಹಿಡಿದು ಸವರಿಸುತ್ತಿದ್ದ. ನನಗೆ ಸಿಗುತ್ತಿದ್ದದ್ದು ಸೀರೆ ಮಾತ್ರ.

“ಕಣ್ಣು ಸುಳ್ಳ್ ಹೇಳ್ತಾವು ಅಳಿಯಾ. ಬಿಸಿಲಿಗೊಂದು, ನೆರಳಿಗೊಂದು. ಅಂಗೈ ಸುಳ್ಳ್ ಹೇಳಂಗಿಲ್ಲ” ಎನ್ನುತ್ತಿದ್ದ.

ನಾನು ಆಗಲೂ ಹೀಗೇ. ಶೆಡ್ಡಿನ ಥಿನ್ನರ್ ಡಬ್ಬಿಗಳು ಬೇಸಿಗೆಗೆ ಸಿಡಿಯುತ್ತವೆ ಎಂದು ಒಂದು ದಿನ ಎಚ್ಚರಿಸಿದ್ದೆ, ಓಣಿಯ ನಾಯಿಗೆ ಹುಚ್ಚು ಹಿಡಿದಿದೆ ಎಂದು ಇನ್ನೊಂದು ದಿನ. ಡಬ್ಬಿ ಸಿಡಿಯಲಿಲ್ಲ. ನಾಯಿ ಮರಿ ಹಾಕಿತು, ಅಷ್ಟೇ. ಅಂದಿನಿಂದ ನಾನು ಶೆಡ್ಡಿಗೆ ಕಾಲಿಟ್ಟರೆ ಸಾಕು, ಮಾವ ತಲೆ ಎತ್ತದೆ, “ಬಾ ಅಳಿಯಾ, ಇವತ್ತ್ ಯಾವ ಆಪತ್ತು ತಂದಿ?” ಎಂದು ಕೇಳುತ್ತಿದ್ದ. ಅಕ್ಕಪಕ್ಕದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಏನು ಮಾಡುವುದು.

ನನ್ನ ಎರಡನೆಯ ವರ್ಷದ ದೀಪಾವಳಿಯ ಹೊತ್ತಿಗೆ ಮಾವ ಬಕೆಟ್ಟು ಒದೆಯಲು ಶುರುಮಾಡಿದ. ಪಕ್ಕದಲ್ಲೇ ತಾನೇ ಇಟ್ಟ ಬಕೆಟ್ಟು. ಒಂದು ಸಲ, ಎರಡು ಸಲ, ಆಮೇಲೆ ದಿನಾ. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದಲ್ಲಿದ್ದದ್ದು ಕಾಣುತ್ತಿರಲಿಲ್ಲ. ಪಕ್ಕದಿಂದ ಅತ್ತೆ ಚಹಾದ ಲೋಟ ಚಾಚಿದರೆ ಆಕೆ ಕರೆಯುವ ತನಕ ತಿರುಗುತ್ತಿರಲಿಲ್ಲ. ಒಂದು ಸಂಜೆ ಬೀದಿದೀಪ ಹತ್ತಿದಾಗ ಅದನ್ನೇ ನೋಡುತ್ತ, “ಏನ್ ಚೆಂದ ನೋಡಲೇ, ದೀಪದ ಸುತ್ತ ಬಣ್ಣದ ಬಳಿ ತೊಡಿಸಿದಂಗ ಐತಿ” ಎಂದ. ನಾನು ನೋಡಿದೆ. ದೀಪ ಇತ್ತು, ಬಳೆ ಇರಲಿಲ್ಲ.

ಕೆಲವು ದಿನದ ಮೇಲೆ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಹಳೆಯ ವಾರಪತ್ರಿಕೆಯೊಂದರ ವೈದ್ಯರ ಅಂಕಣ ಓದಿದೆ. ದೀಪದ ಸುತ್ತ ಬಣ್ಣದ ಉಂಗುರ ಕಂಡರೆ, ಪಕ್ಕದ ನೋಟ ಕಡಿಮೆಯಾದರೆ ತಡಮಾಡಬೇಡಿ, ಹೋದ ದೃಷ್ಟಿ ಮರಳುವುದಿಲ್ಲ ಎಂದಿತ್ತು. ನಾನು ಮೊದಲು ಮಾಡಿದ ಕೆಲಸ ಹೇಳಲು ನಾಚಿಕೆ. ಮೂರು ಸಂಜೆ ಬೀದಿದೀಪದ ಕೆಳಗೆ ನಿಂತು ನನ್ನ ಕಣ್ಣನ್ನೇ ಪರೀಕ್ಷೆ ಮಾಡಿಕೊಂಡೆ. ನನಗೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಮಾವನ ನೆನಪಾಯಿತು.

ಹೋಗಿ ಹೇಳಿದೆ. ಅವನು ಎಂದಿನಂತೆ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ತಿಕ್ಕುವುದನ್ನು ನಿಲ್ಲಿಸಿ, ಕಾಗದವನ್ನು ಬಕೆಟ್ಟಿಗೆ ಬಿಟ್ಟು, ಅತ್ತೆ ಹತ್ತಿರದಲ್ಲಿಲ್ಲವೆಂದು ತಿಳಿದುಕೊಂಡು, ದನಿ ಇಳಿಸಿದ.

“ನನಗೂ ಗೊತ್ತೈತಲೇ ಏನೋ ಆಗೈತಿ ಅಂತ. ಮೋಕದ ಸಾವ್ಕಾರ್ರ ಕಾರ್ ಬರಾಕತ್ತೈತಿ. ಮಗಳ ಮದಿವಿ ಕಾರು. ಅದೊಂದು ಮುಗೀಲಿ, ದವಾಖಾನಿಗೆ ಹೋಗೂಣು. ಪೇಂಟರಿಗೆ ಕಣ್ಣಿಲ್ಲ ಅಂತ ಒಬ್ಬರ ಬಾಯಾಗ ಬಂದ್ರ ಸಾಕು, ಈ ಶೆಡ್ಡಿಗೆ ಕಾಗಿ ಸೈತ ಬರಂಗಿಲ್ಲ. ನಿಮ್ಮತ್ತಿಗೆ ಹೇಳಬ್ಯಾಡ.”

“ಮಾವಾ, ತಡ ಮಾಡಬಾರದಂತ ಬರದಾರ...”

“ಉಗಾದಿ ಮಟ ಅಷ್ಟಲೇ. ಕಣ್ಣೇನ್ ಬಸ್ಸೇನು, ಬಿಟ್ಟು ಹೋಗಾಕ?”

ನಾನು ಆಗಲಿ ಎಂದು ತಲೆಯಾಡಿಸಿದೆ. ಅವನಿಗೆ ಅದು ಕಂಡಿತೋ ಇಲ್ಲವೋ.

ಮರುವಾರ ಅತ್ತೆ ನನ್ನನ್ನು ಒಲೆಯ ಪಕ್ಕಕ್ಕೆ ಕರೆದಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ, “ಏನಪಾ, ನಿಮ್ಮ ಮಾವನ ಕಣ್ಣು ಸುದ್ದ ಅದಾವಿಲ್ಲೋ? ನೀ ಓದಿದಾಂವ, ಎಲ್ಲಾದಕ್ಕೂ ಅಂಜಾಂವ. ನೀ ಹೇಳು” ಎಂದಳು. ಓಣಿಯಲ್ಲಿ ನನ್ನ ಭಯವನ್ನು ಗಂಭೀರವಾಗಿ ತೆಗೆದುಕೊಂಡವಳು ಆಕೆ ಒಬ್ಬಳೇ. ನಾನು ಅಂಜಿದರೆ ತಾನೂ ಅಂಜೋಣ ಎಂದು ಕಾಯುತ್ತಿದ್ದಳು.

“ಏನೂ ಆಗಂಗಿಲ್ಲ ಬಿಡತ್ತಿ. ವಯಸ್ಸಾತು, ಕನ್ನಡಕ ಹಾಕಿದ್ರ ಸರಿ ಹೋಗತೈತಿ” ಎಂದೆ.

ಹುಟ್ಟಿದಾಗಿನಿಂದ ನಾನು ‘ಏನೂ ಆಗುವುದಿಲ್ಲ’ ಎಂದದ್ದು ಅದೇ ಮೊದಲು. ಆಕೆಯ ಕೈಯ ರೊಟ್ಟಿ ಹಗುರಾಗಿ ತಿರುಗಿತು. ಅದನ್ನು ಈಗಲೂ ಕಾಣುತ್ತೇನೆ...

ಮೋಕಾ ಊರಿನ ಸಾವ್ಕಾರರ ಕಾರು ಬಂತು. ಹಳೆಯ ಅಂಬಾಸಿಡರು, ಸಾವ್ಕಾರರಿಗೆ ಕನ್ನಡಿಯಂಥ ಕರಿ ಬಣ್ಣ ಬೇಕಿತ್ತು. ಮಾವ ಎರಡು ತಿಂಗಳು ಅದನ್ನು ತಿಕ್ಕಿದ. ಅಂಥ ಕೆಲಸವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಎದುರಿನ ನೋಟವೂ ಮಸುಕಾಗುತ್ತಿತ್ತು, ಪೂರ್ತಿ ಅಂಗೈಯ ಕೆಲಸ. ಬಣ್ಣ ಹೊಡೆಯುವ ದಿನ ಮಾತ್ರ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. “ಎಲ್ಲಿ ತೆಳ್ಳಗಾಗೈತಿ ಹೇಳು” ಎನ್ನುತ್ತಿದ್ದ, ನಾನು ಹೇಳುತ್ತಿದ್ದೆ. ನೋಡುವವರಿಗೆ ಮಾವ ಅಳಿಯನಿಗೆ ಕೆಲಸ ಕಲಿಸುತ್ತಿರುವಂತೆ ಕಂಡಿರಬೇಕು. ಕಾರಿನ ಬಾಗಿಲಲ್ಲಿ ನಮ್ಮಿಬ್ಬರ ಮುಖವೂ ಕಾಣುವಂತಾಯಿತು. ಇನ್ನೇನು ಮುಗಿಯಿತು, ನಾಲ್ಕು ದಿನಕ್ಕೆ ಉಗಾದಿ. ನನಗೆ ಪರೀಕ್ಷೆಯಿತ್ತು. ಒಂದು ದಿನ ಶೆಡ್ಡಿಗೆ ಹೋಗಲಿಲ್ಲ.

ನಾನಿಲ್ಲದಾಗ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಸಂಜೆ ಕಾರಿನ ದೀಪ ಹಚ್ಚಿ ನೋಡಿದ್ದಾನೆ. ಎರಡೂ ಹೆಡ್‌ಲೈಟಿನ ಸುತ್ತ ಬಣ್ಣದ ಬಳೆ, ನಡುವೆ ಮಂಜು. ಬಣ್ಣ ಹೊಡೆಯುವಾಗ ಸಿಡಿದ ತುಂತುರು ಗಾಜಿನ ಮೇಲೆ ಕೂತಿದೆ ಎಂದುಕೊಂಡ. ಪೇಂಟರ್ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದ. ಥಿನ್ನರ್ ಹಾಕಿ ಒರೆಸಿದ, ಬಳೆ ಹೋಗಲಿಲ್ಲ. ಮಂಜು ಗಾಜಿನಲ್ಲಿರಲೇ ಇಲ್ಲ, ಹೋಗುವುದೆಲ್ಲಿಂದ? ಅವನಿಗೆ ಗೊತ್ತಿದ್ದ ಮದ್ದು ಇನ್ನೊಂದೇ. ಕಾಗದ ನೆನೆಸಿದ. ಮರುದಿನ ಬೆಳಗಿನಿಂದ ಮಧ್ಯಾಹ್ನದ ತನಕ ಎರಡೂ ಗಾಜುಗಳನ್ನು ತಿಕ್ಕಿದ. ಒರಟು, ನಯ, ಇನ್ನೂ ನಯ. ಸೀರೆಯ ತುಂಡು ಹಾಸಿ, ಕಣ್ಣು ಮುಚ್ಚಿ ಸವರಿದ. ರೇಷ್ಮೆಯಂತಿತ್ತಂತೆ.

ನಾನು ಪರೀಕ್ಷೆ ಮುಗಿಸಿ ಬಂದಾಗ ಸಾವ್ಕಾರರು ಕಾರಿನ ಮುಂದೆ ನಿಂತಿದ್ದರು. ಕನ್ನಡಿಯಂಥ ಕರಿ ಕಾರು, ಅದರ ಮುಖದಲ್ಲಿ ಎರಡು ಹಾಲುಬಿಳಿ ಕಣ್ಣು. ಸಾವ್ಕಾರರು ಕೆಟ್ಟ ಮನುಷ್ಯರಲ್ಲ, ತಮಾಷೆಯವರು. “ಏನ್ ಮಾರಾಯಾ, ನನ್ನ ಕಾರಿಗೆ ಪೊರಿ ಬರಿಸಿದಿ?” ಎಂದು ನಕ್ಕರು. ಮಾವನೂ ನಕ್ಕ. ಗಾಜಿನ ಮೇಲೆ ಅಂಗೈ ಇಟ್ಟು, “ಮುಟ್ಟಿ ನೋಡ್ರಿ ಸಾವ್ಕಾರ್ರ, ಹೆಂಗೈತಿ! ಬೆಣ್ಣಿ!” ಎಂದ.

ಸಾವ್ಕಾರರ ನಗು ನಿಂತಿತು. ಅವರು ಗಾಜು ಮುಟ್ಟಲಿಲ್ಲ. ಮಾವನ ಮುಖದ ಪಕ್ಕದಲ್ಲಿ ಮೆಲ್ಲಗೆ ಕೈಯಾಡಿಸಿದರು, ನೊಣ ಓಡಿಸುವವರ ಹಾಗೆ. ಮಾವ ರೆಪ್ಪೆ ಬಡಿಯಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಆಕೆ ಆ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಕಾರಿನ ಗಾಜು ಮರುದಿನವೇ ಅಂಗಡಿಯಲ್ಲಿ ಸಿಕ್ಕಿತು. ಮದುವೆಯೂ ನಡೆಯಿತು, ಕಾರಿನ ಹೊಳಪನ್ನು ಜನ ಹೊಗಳಿದರಂತೆ. ನಾವು ಮೂವರು ಕಣ್ಣಿನ ಡಾಕ್ಟರ ಎದುರು ಕೂತೆವು. ಅವರು ಬಹಳ ಹೊತ್ತು ನೋಡಿ, ಇದು ಪೊರೆಯಲ್ಲ, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣೊಳಗಿನ ಒತ್ತಡಕ್ಕೆ ಸಿಕ್ಕ ನರದ್ದು, ಒಂದು ಆರು ತಿಂಗಳು ಮೊದಲು ಬಂದಿದ್ದರೆ ಇದ್ದಷ್ಟನ್ನಾದರೂ ಉಳಿಸಿಕೊಳ್ಳಬಹುದಿತ್ತು ಎಂದರು. ಆರು ತಿಂಗಳು ಎಂದರೆ ದೀಪಾವಳಿ. ನಾನು ಮನಸ್ಸಿನಲ್ಲೇ ಎಣಿಸಿದೆ, ಮತ್ತೆ ಎಣಿಸಿದೆ. ಬಿ.ಕಾಂ. ವಿದ್ಯಾರ್ಥಿಯ ಲೆಕ್ಕ ತಪ್ಪಲಿಲ್ಲ.

ಹೊರಗೆ ಬಂದಾಗ ಅತ್ತೆ ಕೇಳಿದಳು. “ನಿನಗ ಗೊತ್ತಿತ್ತೇನಪಾ?”

ನಾನು ಬಾಯಿ ತೆರೆಯುವ ಮೊದಲೇ ಮಾವ ಅಡ್ಡ ಬಂದ. “ಅವನಿಗೇನ್ ಗೊತ್ತು? ನಾಯಿ ಬಸರಾದ್ರ ಹುಚ್ಚು ಹಿಡದೈತಿ ಅನ್ನಾಂವ! ನಡಿ ನಡಿ, ಬಿಸಿಲಾತು” ಎಂದು ಆಕೆಯ ಭುಜ ಹುಡುಕಿ ಕೈ ಇಟ್ಟ. ನಾನು ಹಿಂದೆ ನಡೆದೆ. ನಿಜ ಹೇಳಲು ಓಣಿ ಮುಟ್ಟುವ ತನಕ ಹೊತ್ತಿತ್ತು. ಆಮೇಲೆ ವರ್ಷಗಟ್ಟಲೆ ಹೊತ್ತಿತ್ತು. ಹೇಳಲಿಲ್ಲ.

ಶೆಡ್ಡು ಮುಚ್ಚಿತು. ಅವರಿಬ್ಬರೂ ರಾರಾವಿಯಲ್ಲಿದ್ದ ಮಾವನ ತಮ್ಮನ ಮನೆಗೆ ಹೋದರು. ಡಿಗ್ರಿ ಮುಗಿದ ವರ್ಷ ಸಿರುಗುಪ್ಪಕ್ಕೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವನನ್ನು ನೋಡಲು ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದ. ಹೆಗಲ ಮೇಲೆ ಅದೇ ಸೀರೆಯ ತುಂಡು. ನನ್ನ ಹೆಜ್ಜೆಯ ಸದ್ದಿಗೇ, “ಯಾವ ಆಪತ್ತು ತಂದಿ ಅಳಿಯಾ?” ಎಂದ. ಹತ್ತಿರ ಕೂರಿಸಿಕೊಂಡು ಕೆನ್ನೆ ಸವರಿ, “ಗಡ್ಡ ಎಂಬತ್ತನೇ ನಂಬರ್ ಪೇಪರ್ ಆಗೈತಿ, ತಗೀಲೇ” ಎಂದು ನಕ್ಕ. ಅತ್ತೆ ಊಟಕ್ಕೆ ಹಾಕಿದಳು. ರೊಟ್ಟಿ, ಪುಂಡಿಪಲ್ಯ. ಕಣ್ಣಿನ ಮಾತೇ ಎತ್ತಲಿಲ್ಲ. ಆಕೆ ಎತ್ತಿದ್ದರೆ ಚೆನ್ನಾಗಿತ್ತು... ಅವನು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳ ಮೇಲೆ, ಸಿರುಗುಪ್ಪದ ಪರಿಚಯದವರೊಬ್ಬರ ಬಾಯಿಂದ. ಅತ್ತೆ ಆಮೇಲೆ ಎಷ್ಟು ವರ್ಷ ಇದ್ದಳೆಂದು ವಿಚಾರಿಸುವ ಧೈರ್ಯವಾಗಲಿಲ್ಲ.

ಈಗ ನನ್ನ ಮನೆಯವರು, ನೆಂಟರು, ಪಕ್ಕದ ಮನೆಯವರು ಎಲ್ಲರಿಗೂ ನನ್ನದೊಂದು ಕಾಟ. ಕಣ್ಣು ತೋರಿಸಿದಿರಾ, ಕಣ್ಣಿನ ಒತ್ತಡ ನೋಡಿಸಿದಿರಾ ಎಂದು ಮದುವೆ ಮನೆಯಲ್ಲೂ ಕೇಳುತ್ತೇನೆ. ಎಲೆಯ ಮುಂದೆ ಕೂತವರು ನಗುತ್ತಾರೆ. ನಗಲಿ.

ಭಾನುವಾರ ನಾನು ಎಂಟುನೂರರಿಂದ ಶುರುಮಾಡಿ ಎರಡು ಸಾವಿರದ ಕಾಗದದ ತನಕ ಬಂದೆ. ಹೆಡ್‌ಲೈಟು ಪೂರ್ತಿ ಬೆಳ್ಳಗಾಯಿತು. ಹೆದರಬೇಡಿ, ಈ ಹಂತದಲ್ಲಿ ಹೀಗೇ ಕಾಣುತ್ತದೆ, ಪಾಲಿಶ್ ಹಾಕಿದರೆ ತಿಳಿಯಾಗುತ್ತದೆ ಎಂದು ವಿಡಿಯೋದವನು ಒಂಬತ್ತು ಸಲವೂ ಹೇಳಿದ್ದ. ನಿಜವೇ ಇರಬೇಕು. ಇದು ಪ್ಲಾಸ್ಟಿಕ್ಕು, ಗಾಜಲ್ಲ. ಮಂಜು ಇದ್ದದ್ದೂ ಅದರಲ್ಲೇ. ಪಾಲಿಶ್ ಡಬ್ಬಿ ಪಕ್ಕದಲ್ಲೇ ಇತ್ತು.

ಮುಚ್ಚಳ ತೆಗೆಯುವ ಮೊದಲು ಹೆಗಲ ಮೇಲಿನ ಟವೆಲ್ಲನ್ನು ಆ ಬಿಳಿಯ ಮೇಲೆ ಹಾಸಿ, ಅಂಗೈ ಇಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ಸವರಿದೆ. ಅಷ್ಟು ವರ್ಷ ಸಿಗದಿದ್ದದ್ದು ಆ ದಿನ ಕೈಗೆ ಸಿಕ್ಕಿತು. ನುಣ್ಣಗಿತ್ತು. ಬೆಣ್ಣೆಯಷ್ಟು.

ಒಳಗಿನಿಂದ ಹೆಂಡತಿ, “ಆತೇನ್ರಿ?” ಎಂದಳು.

ಕಣ್ಣು ತೆರೆಯಲು ಭಯವಾಯಿತು.