ತಂತಿಯಕ್ಕ

ನಮ್ಮ ಗ್ರಂಥಾಲಯದ ಎಂಟು ಮುದಿ ಕಂಪ್ಯೂಟರುಗಳು ಹಠ ಹಿಡಿದು ಕೂತಾಗಲೆಲ್ಲ ತಂತಿಯಕ್ಕ ಬರುತ್ತಾಳೆ. ಹೆಗಲಲ್ಲಿ ತಂತಿಯ ಸುರುಳಿ, ಕಿವಿಯ ಸಂದಿಯಲ್ಲಿ ಸ್ಕ್ರೂಡ್ರೈವರ್, ಬಾಯಿಗಂತೂ ಬಿಡುವೇ ಇಲ್ಲ. ಆಪರೇಟಿಂಗ್ ಸಿಸ್ಟಂ ಎಂದರೆ ಅವುಗಳ ಬುದ್ಧಿಯಂತೆ. ಹೊಸ ಬುದ್ಧಿಯನ್ನು ಎಂಟಕ್ಕೂ ತಂತಿಯಲ್ಲೇ ಒಟ್ಟಿಗೆ ಕಳಿಸುತ್ತಾಳೆ. ಅದಕ್ಕೆ ಮೊದಲು ಒಂದೊಂದರ ಧೂಳು ಊದಿ, ಬೆನ್ನು ತಟ್ಟಿ, "ಎದ್ದ ತಕ್ಷಣ ನಿನ್ನ ಹೊಟ್ಟೆಯಲ್ಲೇ ಹಳೇ ಬುದ್ಧಿ ಹುಡುಕ್ಬೇಡ ಕಣೇ, ತಂತಿ ಕಡೆ ತಿರುಗಿ ಕೂಗು, ಹೊಸದನ್ನ ನಾನು ಬಡಿಸ್ತೀನಿ" ಎಂದು ಹೇಳಿಕೊಡುತ್ತಾಳೆ. ಒಂದೊಂದಕ್ಕೂ ಹೆಸರಿಟ್ಟಿದ್ದಾಳೆ: ತಡವಾಗಿ ಏಳುವುದು ಮಹಾರಾಣಿ, ಗೊರಗುಟ್ಟುವುದು ಮಾವ. ಎಲ್ಲ ಸಿದ್ಧವಾದರೂ ಗುಂಡಿ ಒತ್ತುವುದಿಲ್ಲ. ಒತ್ತಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಗ್ರಂಥಾಲಯ ನೋಡಿಕೊಳ್ಳುವ ಮೇಡಂನಿಂದ ಹಿಡಿದು ಕಸ ಗುಡಿಸುವ ನನ್ನವರೆಗೆ ಎಲ್ಲರನ್ನೂ "ಇದರಲ್ಲಿ ನಿಮ್ದೇನಾದ್ರೂ ಇದೆಯಾ?" ಎಂದು ಕೇಳುತ್ತಾಳೆ. "ನಂದೇನಿದ್ರೂ ಧೂಳು ಕಣಮ್ಮ" ಎಂದರೆ ನಗುತ್ತಾಳೆ. ಹಿಂದೊಮ್ಮೆ ಅವಸರಪಟ್ಟು ಒಬ್ಬಾಕೆಯ ಗಂಡನ ಕೊನೆಯ ಪಟವನ್ನು ಅಳಿಸಿಬಿಟ್ಟಿದ್ದಳಂತೆ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಇಳಿಯುತ್ತದೆ. ಹೋದ ವಾರ ಕಾವಲುಗಾರ ತಲೆ ಕೆರೆದುಕೊಂಡ. "ಮೂರನೇದ್ರಲ್ಲಿ ನನ್ನದೊಂದು ಆನೆ ಇದೆ ಅಕ್ಕ. ಬಿಡುವಾದಾಗ ಬರೆದಿದ್ದೆ." ಮೇಡಂ ಸಿಡುಕಿದರು. "ಒಂದು ಆನೆಗೋಸ್ಕರ ಎಲ್ಲರೂ ಕಾಯ್ಬೇಕಾ? ಒತ್ತಮ್ಮ ಸುಮ್ನೆ!" ತಂತಿಯಕ್ಕ ಗುಂಡಿಯ ಮೇಲಿದ್ದ ಬೆರಳು ಎತ್ತಿಕೊಂಡಳು. "ಕಾಯ್ಲೇಬೇಕು ಮೇಡಂ. ಆನೆ ಅಲ್ವಾ, ಈಚೆ ಬರೋಕೆ ಹೊತ್ತಾಗುತ್ತೆ." ಹುಡುಕಿ ತೆಗೆದು, ಹೊಸ ಬುದ್ಧಿಯ ಜೊತೆಗೇ ಅದನ್ನೂ ಕಟ್ಟಿ ಕಳಿಸಿದಳು. ಮಧ್ಯಾಹ್ನ ಎಂಟು ಪರದೆಗಳೂ ಬೆಳಗಿದವು, ಎಂಟರಲ್ಲೂ ಐದು ಕಾಲಿನ ನೀಲಿ ಆನೆ. ಮೇಡಂ ನಗು ತಡೆಯಲಾರದೆ, "ಕಾಲು ಒಂದು ಜಾಸ್ತಿ ಆಯ್ತಲ್ಲಪ್ಪ" ಎಂದರು. ಕಾವಲುಗಾರ ಎದೆಯುಬ್ಬಿಸಿ, "ಅದು ಸೊಂಡಿಲು ಮೇಡಂ" ಎಂದ.